ಗಾಯದ ಹೆಸರುಗಳ ಹಿಂದೆ



ನಮ್ಮಲ್ಲಿ ಯಾರಿಗೇ ಸೈಟಿನಲ್ಲಿ ಪೆಟ್ಟಾದರೂ ಎರಡು ಕೆಲಸ ನಡೆಯುತ್ತದೆ. ಒಂದು, ಗಾಯಕ್ಕೆ ಮದ್ದು ಹಾಕುವುದು. ಇನ್ನೊಂದು, ಗಾಯಕ್ಕೆ ಒಂದು ಹೆಸರು ಬರೆಯುವುದು. ಮದ್ದು ಕೆಲವು ದಿನಕ್ಕೆ ಮುಗಿಯುತ್ತದೆ. ಹೆಸರು ಮಾತ್ರ ಫೈಲಿನಲ್ಲಿ ಉಳಿಯುತ್ತದೆ. ಎಷ್ಟು ದಿನ ರಜೆ, ರಜೆಗೆ ಸಂಬಳ ಉಂಟಾ ಇಲ್ವಾ, ಇನ್ಶೂರೆನ್ಸ್ ಬರುತ್ತದಾ, ನಾಳೆಯೇ ಕೆಲಸಕ್ಕೆ ಹತ್ತಬೇಕಾ, ಇದೆಲ್ಲಾ ಬಹಳಷ್ಟು ಮಟ್ಟಿಗೆ ಆ ಒಂದು ಹೆಸರಿನ ಮೇಲೆ ನಿಂತಿರುತ್ತದೆ. ಆ ಹೆಸರು ನಮ್ಮ ಭಾಷೆಯದ್ದಲ್ಲ. ಇಂಗ್ಲಿಷ್ ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ಹುಟ್ಟಿನಲ್ಲಿ ಅದು ಇಂಗ್ಲಿಷಿನದ್ದೂ ಅಲ್ಲ. ಎರಡು ಸಾವಿರ ವರ್ಷದ ಹಿಂದಿನ ಗ್ರೀಕರ, ರೋಮನರ ಮಾತು ಅದು.

ನಾನು 13 ವರ್ಷದಿಂದ ಕೊಲ್ಲಿಯ ಕನ್‌ಸ್ಟ್ರಕ್ಷನ್ ಸೈಟುಗಳ ಫಸ್ಟ್ ಏಡ್ ರೂಮಿನಲ್ಲಿ ನರ್ಸ್ ಆಗಿದ್ದೇನೆ. ಕಾಗದ ಹಿಡಿದುಕೊಂಡು ಬರುವವರೆಲ್ಲ ಕೇಳುವ ಪ್ರಶ್ನೆ ಒಂದೇ. ರಾಯಚೂರು ಕಡೆಯವರಾದರೆ "ಅಣ್ಣಾ, ಇದ್ರಾಗ ಏನ್ ಬರ್ದಾರ್ರೀ?" ನಮ್ಮ ಕರಾವಳಿಯವರಾದರೆ "ಇದ್ರಲ್ಲಿ ಎಂತ ಬರ್ದದ್ದು ಮಾರಾಯ್ರೆ?" ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ ಒಂದು ಇತಿಹಾಸವನ್ನು ಈ ಸಲದ ಸಂಚಿಕೆಗೆ ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಈ ಶಬ್ದಗಳಿಗೆ ಹೆದರಬೇಕಾಗಿಲ್ಲ. ಇವು ಪಂಡಿತರ ಮಾತುಗಳಲ್ಲ. ರೈತ, ಅಗಸೆ ನಾರಿನ ದರ್ಜಿ, ಗಾರೆಯವನು, ಅಡುಗೆಯವಳು ದಿನಾ ಆಡುತ್ತಿದ್ದ ಮಾತುಗಳು.

ಕೆಲಸದ ಕ್ರಿಯೆಯೇ ಗಾಯದ ಹೆಸರು

ಪಂಕ್ಚರ್ ಎಂಬ ಶಬ್ದದಿಂದ ಶುರು ಮಾಡೋಣ. ಊರಿನಲ್ಲಿ ಸೈಕಲ್ ಇದ್ದವರಿಗೆಲ್ಲ ಗೊತ್ತಿರುವ ಶಬ್ದ. ಲ್ಯಾಟಿನ್ ಭಾಷೆಯಲ್ಲಿ 'ಪುಂಗೆರೆ' ಅಂದರೆ ಚುಚ್ಚು. ಟೈರಿಗೆ ಮೊಳೆ ಚುಚ್ಚಿದರೂ ಪಂಕ್ಚರ್, ಹಲಗೆಯ ಮೊಳೆ ನಮ್ಮ ಪಾದಕ್ಕೆ ಚುಚ್ಚಿದರೂ ರಿಪೋರ್ಟಿನಲ್ಲಿ ಪಂಕ್ಚರ್ ಗಾಯವೇ. ಹೊರಗೆ ಕಾಣುವ ತೂತು ಸಣ್ಣದು, ಒಳಗೆ ಆಳ ಎಷ್ಟು ಅಂತ ಗೊತ್ತಾಗುವುದಿಲ್ಲ. ಟೈರಿನದ್ದೂ ಅದೇ ಕಥೆ ತಾನೆ?

ಅಬ್ರೇಶನ್ ಅಂದರೆ ತರಚು ಗಾಯ. 'ರಾದೆರೆ' ಎಂದರೆ ಕೆರೆದು ತೆಗೆಯುವುದು, ಹೆರೆಯುವುದು. ಗಡ್ಡ ಹೆರೆಯುವ ರೇಜರ್, ಮಕ್ಕಳ ಪೆನ್ಸಿಲ್ ಬರಹ ಕೆರೆದು ತೆಗೆಯುವ ಇರೇಸರ್, ಇವೆರಡೂ ಅದೇ ಬೇರಿನ ಕೊಂಬೆಗಳು. ಅಂದರೆ ಚರ್ಮದ ಮೇಲ್ಪದರ ಮಾತ್ರ ಉಜ್ಜಿಹೋಗಿದೆ ಅಂತ ಅರ್ಥ.

ಲ್ಯಾಸರೇಶನ್ ಹಾಗಲ್ಲ. 'ಲಕೆರಾರೆ' ಅಂದರೆ ಹರಿ, ಹರಿದು ಚಿಂದಿ ಮಾಡು. ಕಬ್ಬಿಣದ ಸರಳಿನ ತುದಿ, ತಗಡಿನ ಅಂಚು ತಾಗಿ ಮಾಂಸ ಒರಟಾಗಿ ಹರಿದರೆ ಈ ಹೆಸರು. ಇನ್ಸಿಶನ್ ಅಂದರೆ ಚೂಪಾದ ಆಯುಧದಿಂದ ನೇರವಾಗಿ ಕೊಯ್ದದ್ದು. 'ಕೈದೆರೆ', ಕಡಿ ಅಥವಾ ಕೊಲ್ಲು ಎಂಬ ಧಾತುವಿನಿಂದ ಬಂದದ್ದು. ಹೊಲಕ್ಕೆ ಹೊಡೆಯುವ ಪೆಸ್ಟಿಸೈಡಿನ ಬಾಲದಲ್ಲಿರುವುದೂ ಇದೇ ಧಾತು.

ಕಂಟ್ಯೂಶನ್ ಅಂದರೆ ಒಳಪೆಟ್ಟು. 'ತುಂದೆರೆ' ಎಂದರೆ ಕುಟ್ಟು, ಜಜ್ಜು. ಒರಳಲ್ಲಿ ಶುಂಠಿ ಜಜ್ಜಿದ ಹಾಗೆ. ಚರ್ಮ ಒಡೆದಿರುವುದಿಲ್ಲ, ಒಳಗೆ ರಕ್ತ ಹೆಪ್ಪುಗಟ್ಟಿ ನೀಲಿಯಾಗಿರುತ್ತದೆ. ಫ್ರ್ಯಾಕ್ಚರ್ 'ಫ್ರಾಂಗೆರೆ', ಮುರಿ ಎಂಬುದರಿಂದ ಬಂತು. ಪಾರ್ಸೆಲ್ ಡಬ್ಬದ ಮೇಲೆ ಬರೆಯುವ ಫ್ರ್ಯಾಜೈಲ್ ಕೂಡ ಅದೇ. ಅವಲ್ಶನ್ ಎಂಬುದು 'ವೆಲ್ಲೆರೆ'ಯಿಂದ ಬಂದದ್ದು, ಕೀಳು ಎಂದರ್ಥ. ಕೋಳಿಯ ಪುಕ್ಕ ಕಿತ್ತ ಹಾಗೆ ಚರ್ಮವೋ ಉಗುರೋ ಮಾಂಸದ ತುಂಡೋ ಕಿತ್ತು ಬಂದಿದೆ ಅಂತ.

ಇನ್ನು ಕೇಳಿದರೇ ಎದೆ ಝಲ್ಲೆನ್ನುವ ಶಬ್ದ ಆಂಪುಟೇಶನ್. ಮೂಲದಲ್ಲಿ ಇದು ತೋಟದ ಮಾತು. 'ಪುತಾರೆ' ಅಂದರೆ ಗಿಡದ ರೆಂಬೆ ಸವರುವುದು. ದ್ರಾಕ್ಷಿ ಬಳ್ಳಿಯನ್ನು ಸುತ್ತಲೂ ಸವರುವ ಕೆಲಸಕ್ಕೆ ರೋಮಿನ ರೈತರು ಬಳಸುತ್ತಿದ್ದ ಶಬ್ದ ಕೈಕಾಲು ಕತ್ತರಿಸುವುದಕ್ಕೆ ಬಂತು. ಸವರಿ ಚೊಕ್ಕ ಮಾಡುವ ಆ 'ಪುತಾರೆ'ಗೆ ಲೆಕ್ಕ ಮಾಡು ಎಂಬ ಅರ್ಥವೂ ಬಂದು, ಅದರಿಂದಲೇ ಕಂಪ್ಯೂಟರ್ ಎಂಬ ಶಬ್ದ ಹುಟ್ಟಿತು. ಆಫೀಸಿನ ಟೇಬಲ್ಲಿನ ಮೇಲೆ ಇರುವುದೂ, ಆಪರೇಶನ್ ಟೇಬಲ್ಲಿನ ಮೇಲೆ ನಡೆಯುವುದೂ ಒಂದೇ ಬೇರಿನವು!

ಗಾರೆಯವರಿಗೆ ಒಂದು ವಿಶೇಷ ಸುದ್ದಿ ಉಂಟು. ಗೋಡೆಗೆ ನೀವು ಮಾಡುವ ಪ್ಲಾಸ್ಟರು, ಮುರಿದ ಕೈಗೆ ಹಾಕುವ ಪ್ಲಾಸ್ಟರು ಎರಡೂ ಒಂದೇ ಶಬ್ದ. ಗ್ರೀಕಿನ 'ಎಂಪ್ಲಾಸ್ಟ್ರೋನ್' ಅಂದರೆ ಮೈಗೆ ಮೆತ್ತುವ ಮದ್ದು. ಮೊದಲು ಬಂದದ್ದು ಗಾಯದ ಲೇಪ, ಆಮೇಲೆ ಗೋಡೆಯ ಗಾರೆ. 1851ರಲ್ಲಿ ಡಚ್ ಸೈನ್ಯದ ವೈದ್ಯ ಆಂಟೋನಿಯಸ್ ಮಥೈಸೆನ್ ಬಟ್ಟೆಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿ ಉಜ್ಜಿ, ನೀರಲ್ಲಿ ಅದ್ದಿ ಮುರಿದ ಮೂಳೆಗೆ ಸುತ್ತಿದರು. ಹಾಗೆ ಗೋಡೆಯ ಗಾರೆ ಮತ್ತೆ ಮೈಗೆ ಮರಳಿತು.

ಲಂಗರು ಬಿದ್ದ ಬೆರಳು

ಗಾಯಗಳ ಬಗ್ಗೆ ಗ್ರೀಕರೂ ಬರೆದಿಟ್ಟಿದ್ದಾರೆ. ಹಿಪೊಕ್ರೆಟಿಸ್ ಹೆಸರಿನಲ್ಲಿ ಉಳಿದಿರುವ ಗ್ರಂಥಗಳಲ್ಲಿ 'ಎಪಿಡೆಮಿಕ್ಸ್' ಎಂಬ ಭಾಗವಿದೆ. ಹೆಸರು ನೋಡಿ ಸಾಂಕ್ರಾಮಿಕ ರೋಗದ ಪುಸ್ತಕ ಅಂದುಕೊಳ್ಳಬೇಡಿ. ಊರೂರು ತಿರುಗಿದ ವೈದ್ಯರು ರೋಗಿಗಳ ಬಗ್ಗೆ ಬರೆದಿಟ್ಟ ಟಿಪ್ಪಣಿಗಳು ಅದರಲ್ಲಿವೆ. ಅದರಲ್ಲೊಂದು ಕೇಸು ನಮ್ಮಂಥವರದ್ದೇ. ದೊಡ್ಡ ಹಡಗೊಂದರ ನಾಯಕನ ಬಲಗೈ ತೋರುಬೆರಳು ಲಂಗರಿನ ಅಡಿಗೆ ಸಿಕ್ಕಿ ಮೂಳೆ ಸಮೇತ ಜಜ್ಜಿಹೋಯಿತು. ಏಳನೇ ದಿನ ಸ್ವಲ್ಪ ಕೆಟ್ಟ ರಸ ಸೋರಿತು. ಆಮೇಲೆ ನಾಲಿಗೆ ಸರಿ ಹೊರಳಲಿಲ್ಲ, ಮಾತು ತೊದಲಿತು. ದವಡೆ ಬಿಗಿದುಕೊಂಡಿತು. ಬೆನ್ನು ಹಿಂದಕ್ಕೆ ಬಾಗಿತು. ಆರು ದಿನದಲ್ಲಿ ಮನುಷ್ಯ ತೀರಿಕೊಂಡ.

ಇದು ಡ್ಯೂಟಿಯ ಮೇಲೆ ಆದ ಅಪಘಾತದ ಟಿಪ್ಪಣಿ. ಬೆರಳಿಗೆ ಬಿದ್ದ ಪೆಟ್ಟು ಪ್ರಾಣ ತೆಗೆಯಿತು. ಈ ಕಾಯಿಲೆಗೆ ಗ್ರೀಕರು ಇಟ್ಟ ಹೆಸರು 'ಟೆಟನೋಸ್', ಅಂದರೆ ಎಳೆದು ಬಿಗಿದದ್ದು. ಕನ್ನಡದಲ್ಲಿ ನಾವು ಧನುರ್ವಾಯು ಅನ್ನುತ್ತೇವೆ. ಮೈ ಬಿಲ್ಲಿನ ಹಾಗೆ ಬಾಗುತ್ತದೆ ಅಂತ. ಒಬ್ಬರು ಬಿಗಿತವನ್ನು ನೋಡಿದರು, ಇನ್ನೊಬ್ಬರು ಬಿಲ್ಲನ್ನು ನೋಡಿದರು.

ಇನ್ನೂ ಒಂದು ಸ್ವಾರಸ್ಯ ಕೇಳಿ. ಪೆಟ್ಟಾದ ಕೂಡಲೇ ನಾವು ಹಾಕಿಸಿಕೊಳ್ಳುತ್ತಿದ್ದ ಟಿ.ಟಿ. ಇಂಜೆಕ್ಷನ್ ಅಂದರೆ ಟೆಟನಸ್ ಟಾಕ್ಸಾಯ್ಡ್. ಟಾಕ್ಸಿನ್ ಎಂಬುದರ ಮೂಲ ಗ್ರೀಕಿನ 'ಟಾಕ್ಸೋನ್', ಅರ್ಥ ಬಿಲ್ಲು! ಬಾಣಕ್ಕೆ ಸವರುವ ವಿಷಕ್ಕೆ ಬಿಲ್ಲಿನ ಮದ್ದು ಅಂತ ಹೆಸರಾಗಿ, ಕೊನೆಗೆ ಎಲ್ಲಾ ವಿಷಕ್ಕೂ ಅದೇ ಹೆಸರು ನಿಂತಿತು. 1889ರಲ್ಲಿ ಬರ್ಲಿನ್ನಿನಲ್ಲಿ ಜಪಾನಿನ ವಿಜ್ಞಾನಿ ಕಿಟಾಸಾಟೊ ಈ ರೋಗದ ಕ್ರಿಮಿಯನ್ನು ಪ್ರತ್ಯೇಕಿಸಿ ಬೆಳೆಸಿದರು. ಮರುವರ್ಷ ಅವರೂ ಬೇರಿಂಗರೂ ಸೇರಿ ಅದರ ವಿಷಕ್ಕೆ ಪ್ರತಿವಿಷ ತೋರಿಸಿದರು. ಹಡಗಿನ ನಾಯಕನಿಗೆ ಸಿಗದೇ ಹೋದದ್ದು ಇವತ್ತು ನಮಗೆ ಒಂದು ಸೂಜಿಯಲ್ಲಿ ಸಿಗುತ್ತದೆ. "ಸಣ್ಣ ಗಾಯ, ಸೂಜಿ ಎಂತಕ್ಕೆ?" ಅನ್ನುವವರಿಗೆ ನಾನು ಈ ಕಥೆ ಹೇಳುತ್ತೇನೆ.

ಅಥೆನ್ಸಿನಿಂದ ಬಾಗ್ದಾದಿಗೆ

ರೋಮ್ ದೊಡ್ಡದಾದ ಮೇಲೆ ಗ್ರೀಕ್ ವೈದ್ಯರು ಅಲ್ಲಿಗೆ ಹೊಟ್ಟೆಪಾಡಿಗೆ ಹೋದರು. ಅವರೂ ನಮ್ಮ ಹಾಗೆ ಪರದೇಶಿಗಳೇ. ಗ್ಯಾಲನ್ ಎಂಬ ಪ್ರಸಿದ್ಧ ವೈದ್ಯ ಹುಟ್ಟಿದ್ದು ಕ್ರಿ.ಶ. 129ರಲ್ಲಿ, ಇಂದಿನ ಟರ್ಕಿಯಲ್ಲಿರುವ ಪೆರ್ಗಮಮ್ಮಿನಲ್ಲಿ. ಊರಿನಲ್ಲಿ ಗ್ಲಾಡಿಯೇಟರುಗಳ, ಅಂದರೆ ಜನರ ಮುಂದೆ ಕಾದಾಡುವ ಆಳುಗಳ, ಗಾಯಕ್ಕೆ ಮದ್ದು ಮಾಡಿ ಕೈ ಪಳಗಿಸಿಕೊಂಡು ಆಮೇಲೆ ರೋಮಿಗೆ ಹೋದರು. ರೋಮಿನಲ್ಲಿದ್ದರೂ ಬರೆದದ್ದು ತಮ್ಮ ಗ್ರೀಕ್ ಭಾಷೆಯಲ್ಲೇ. ಅವರಿಗಿಂತ ನೂರು ವರ್ಷ ಹಿಂದೆ ಸೆಲ್ಸಸ್ ಎಂಬವರು ಲ್ಯಾಟಿನ್ನಿನಲ್ಲಿ ವೈದ್ಯಕೀಯದ ಬಗ್ಗೆ ಎಂಟು ಭಾಗದ ಪುಸ್ತಕ ಬರೆದಿದ್ದರು. ಗಾಯ ಉರಿಯೂತಕ್ಕೆ ತಿರುಗಿದೆ ಎಂದು ತಿಳಿಯಲು ಅವರು ಕೊಟ್ಟ ನಾಲ್ಕು ಗುರುತುಗಳನ್ನು ನರ್ಸಿಂಗ್ ಓದುವವರು ಈಗಲೂ ಬಾಯಿಪಾಠ ಮಾಡುತ್ತಾರೆ: ರೂಬೊರ್, ಟ್ಯೂಮರ್, ಕಲೊರ್, ಡೊಲೊರ್. ಕೆಂಪು, ಊತ, ಬಿಸಿ, ನೋವು. ಅಷ್ಟೇ. ಯಾವ ಅಜ್ಜಿಯೂ ಹೇಳಬಹುದಾದ ಮಾತು. ಇನ್‌ಫ್ಲಮೇಶನ್ ಎಂಬ ಶಬ್ದದ ಒಳಗೆ ಇರುವುದು 'ಫ್ಲಾಮಾ', ಅಂದರೆ ಬೆಂಕಿಯ ಜ್ವಾಲೆ. ನಾವು ಉರಿಯೂತ ಅಂದಾಗ ನಮ್ಮ ಶಬ್ದದಲ್ಲೂ ಉರಿ ಇದೆ.

ಇಷ್ಟರ ಮೇಲೆ ಕಥೆ ನಮ್ಮ ಈ ಕೊಲ್ಲಿಯ ನೆರೆಗೆ ಬರುತ್ತದೆ. 9ನೇ ಶತಮಾನದ ಬಾಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್‌ಹಾಕ್ ಎಂಬ ಕ್ರೈಸ್ತ ವಿದ್ವಾಂಸರು ಗ್ಯಾಲನ್ನರ ಪುಸ್ತಕಗಳನ್ನು ಸಿರಿಯಾಕ್ ಮತ್ತು ಅರಬ್ಬಿ ಭಾಷೆಗೆ ತಂದರು. ಅವರಿಗೂ ಮೊದಲು, ಬರ್ಮಕೀ ಮಂತ್ರಿಗಳ ಕಾಲದಲ್ಲಿ, ಮಂಕ ಎಂಬ ಭಾರತೀಯ ವೈದ್ಯರ ಕೈಯಿಂದ ನಮ್ಮ ಸುಶ್ರುತ ಸಂಹಿತೆ ಅರಬ್ಬಿಗೆ ಬಂದಿತ್ತು. ಸ್ಪೇನಿನ ಕೊರ್ಡೋಬಾದಲ್ಲಿ ಅಲ್ ಜಹ್ರಾವಿ 30 ಭಾಗದ ಗ್ರಂಥ ಬರೆದು, ಕೊನೆಯ ಭಾಗದಲ್ಲಿ ಶಸ್ತ್ರಚಿಕಿತ್ಸೆಯ ಸುಮಾರು 200 ಉಪಕರಣಗಳ ಚಿತ್ರ ಹಾಕಿದರು. 12ನೇ ಶತಮಾನದಲ್ಲಿ ಟೊಲೆಡೊ ಊರಿನಲ್ಲಿ ಜೆರಾರ್ಡ್ ಆಫ್ ಕ್ರೆಮೋನಾ ಅದನ್ನು ಲ್ಯಾಟಿನ್ನಿಗೆ ತಂದರು. ಗ್ರೀಕಿನಿಂದ ಹೊರಟ ಜ್ಞಾನ ಅರಬ್ಬಿಯ ದಾರಿಯಲ್ಲಿ ಬೆಳೆದು ಲ್ಯಾಟಿನ್ನಿಗೆ ಹೋಗಿ, ಕಡೆಗೆ ಇಂಗ್ಲಿಷಿನ ಮೂಲಕ ನಮ್ಮ ಸೈಟಿನ ಫಾರಂಗೆ ಬಂದಿದೆ.

ಸರ್ಜರಿ ಅಂದರೆ ಕೈಕೆಲಸ

ಸರ್ಜರಿ ಎಂಬ ಶಬ್ದವನ್ನು ಬಿಡಿಸಿ ನೋಡಿದರೆ ಕೂಲಿ ಮಾಡುವ ಯಾರಿಗೂ ಎದೆ ಉಬ್ಬಬೇಕು. ಗ್ರೀಕಿನಲ್ಲಿ 'ಖೈರ್' ಅಂದರೆ ಕೈ, 'ಎರ್ಗೋನ್' ಅಂದರೆ ಕೆಲಸ. 'ಖೈರೂರ್ಗಿಯ' ಸವೆದು ಸವೆದು ಸರ್ಜರಿ ಆಯಿತು. ಸರ್ಜನ್ ಅಂದರೆ ಕೈಕೆಲಸದವನು, ಅಷ್ಟೇ.

ಹಾಗಾಗಿಯೇ ಯುರೋಪಿನಲ್ಲಿ ಬಹಳ ಕಾಲ ಅವರನ್ನು ಕೀಳಾಗಿ ಕಂಡರು. ಲ್ಯಾಟಿನ್ ಓದಿ ಮದ್ದು ಬರೆದುಕೊಡುವವನು ದೊಡ್ಡ ವೈದ್ಯ. ಕೈ ರಕ್ತ ಮಾಡಿಕೊಳ್ಳುವವನು ಕ್ಷೌರಿಕರ ಸಾಲಿನವನು. ಲಂಡನ್ನಿನಲ್ಲಿ 1540ರಲ್ಲಿ ಕ್ಷೌರಿಕರನ್ನೂ ಸರ್ಜನ್ನರನ್ನೂ ಒಂದೇ ಸಂಘಕ್ಕೆ ಸೇರಿಸಿದರು. ಅವರು ಬೇರೆಯಾದದ್ದು 1745ರಲ್ಲಿ. ಇಂಗ್ಲೆಂಡಿನಲ್ಲಿ ಸರ್ಜನ್ನರನ್ನು ಈಗಲೂ ಡಾಕ್ಟರ್ ಎನ್ನದೆ ಮಿಸ್ಟರ್ ಎನ್ನುವುದು ಆ ಕಾಲದ ಪಳೆಯುಳಿಕೆ.

ಫ್ರಾನ್ಸಿನ ಆಂಬ್ರ್ವಾಸ್ ಪಾರೆ ಅಂಥ ಒಬ್ಬ ಕ್ಷೌರಿಕ ಸರ್ಜನ್. ಆಗ ಗುಂಡೇಟಿನ ಗಾಯದಲ್ಲಿ ವಿಷ ಇರುತ್ತದೆ ಅಂತ ನಂಬಿ ಕುದಿಯುವ ಎಣ್ಣೆ ಹೊಯ್ಯುತ್ತಿದ್ದರು. 1530ರ ದಶಕದಲ್ಲಿ ಟುರಿನ್ ಹತ್ತಿರದ ಯುದ್ಧದಲ್ಲಿ ಪಾರೆಯವರ ಹತ್ತಿರ ಎಣ್ಣೆ ಮುಗಿಯಿತು. ಉಳಿದ ಸೈನಿಕರಿಗೆ ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ, ಟರ್ಪೆಂಟೈನ್ ಕಲಸಿ ಹಚ್ಚಿದರು. ರಾತ್ರಿಯಿಡೀ ನಿದ್ದೆಯಿಲ್ಲ. ಬೆಳಿಗ್ಗೆ ನೋಡಿದರೆ ಎಣ್ಣೆ ಹೊಯ್ದವರು ಜ್ವರ, ನೋವು, ಊತದಲ್ಲಿ ಒದ್ದಾಡುತ್ತಿದ್ದಾರೆ, ಲೇಪ ಹಚ್ಚಿದವರು ಆರಾಮವಾಗಿದ್ದಾರೆ. ಇದನ್ನೆಲ್ಲ ಅವರು 1545ರಲ್ಲಿ ಪುಸ್ತಕ ಮಾಡಿದರು, ಅದೂ ಆಡುಭಾಷೆಯಾದ ಫ್ರೆಂಚಿನಲ್ಲಿ. ಲ್ಯಾಟಿನ್ ಬಾರದವನು ಬರೆಯುವುದೇ ಅಂತ ಪ್ಯಾರಿಸಿನ ಪಂಡಿತರು ಗದ್ದಲ ಎಬ್ಬಿಸಿದರು. ಲ್ಯಾಟಿನ್ ಬಾರದ ಇತರ ಸರ್ಜನ್ನರು ಮಾತ್ರ ಅದನ್ನು ಓದಿ ಕಲಿತರು.

ಇಲ್ಲಿಯ ಆಸ್ಪತ್ರೆಗಳ ಬೋರ್ಡಿನಲ್ಲಿ ಸರ್ಜರಿಗೆ ಅರಬ್ಬಿಯಲ್ಲಿ 'ಜಿರಾಹ' ಅಂತ ಇರುತ್ತದೆ. 'ಜುರ್ಹ್' ಅಂದರೆ ಗಾಯ. ನಮ್ಮ ಆಯುರ್ವೇದದಲ್ಲಿ ಅದೇ ವಿದ್ಯೆಗೆ ಶಲ್ಯತಂತ್ರ ಅಂತ ಹೆಸರು, ಶಲ್ಯ ಅಂದರೆ ಮೈಯಲ್ಲಿ ನಾಟಿದ ಬಾಣ, ಮುಳ್ಳು. ಈಗಿನ ಕನ್ನಡದಲ್ಲಿ ಶಸ್ತ್ರಚಿಕಿತ್ಸೆ. ಗ್ರೀಕರು ಕೈಯನ್ನು ಹೆಸರಿಸಿದರು, ಅರಬ್ಬರು ಗಾಯವನ್ನು, ಸಂಸ್ಕೃತದವರು ನಾಟಿದ ಮುಳ್ಳನ್ನು, ನಾವು ಕತ್ತಿಯನ್ನು. ಕೆಲಸ ಒಂದೇ.

ನಮ್ಮಲ್ಲೂ ಆರು ಹೆಸರು

ಗಾಯಗಳನ್ನು ಹೀಗೆ ಬಗೆ ಬಗೆಯಾಗಿ ಹೆಸರಿಸಿದವರು ಗ್ರೀಕರು ರೋಮನರು ಮಾತ್ರ ಅಂತ ತಿಳಿಯಬಾರದು. ಸುಶ್ರುತ ಸಂಹಿತೆ ಪೆಟ್ಟಿನಿಂದಾಗುವ ಗಾಯಗಳಲ್ಲಿ ಆರು ವಿಧ ಹೇಳುತ್ತದೆ: ಛಿನ್ನ, ಭಿನ್ನ, ವಿದ್ಧ, ಕ್ಷತ, ಪಿಚ್ಚಿತ, ಘೃಷ್ಟ. ಕಡಿದದ್ದು, ಒಳಗಿನ ಅಂಗದವರೆಗೆ ತೂರಿದ್ದು, ಚುಚ್ಚಿದ್ದು, ಒರಟಾಗಿ ಸೀಳಿದ್ದು, ಜಜ್ಜಿದ್ದು, ತರಚಿದ್ದು. ನಮ್ಮ ಇಂಗ್ಲಿಷ್ ಫಾರಂನ ಪಟ್ಟಿಗೆ ಹೆಚ್ಚುಕಡಿಮೆ ಹೊಂದಿಕೊಳ್ಳುತ್ತದೆ. ಅಲ್ಲಿರುವ ಕ್ಷತವೇ ಅಕ್ಷತೆಯಲ್ಲೂ ಇದೆ. ಅಕ್ಷತೆ ಅಂದರೆ ಗಾಯವಾಗದ, ಮುರಿಯದ ಅಕ್ಕಿ. ಗಾಯ ಎಂಬ ನಮ್ಮ ಶಬ್ದವೂ ಸಂಸ್ಕೃತದ ಘಾತ ಪ್ರಾಕೃತದಲ್ಲಿ ಸವೆದು ಬಂದದ್ದು. ಅಪಘಾತದಲ್ಲಿ ಇರುವುದೂ ಅದೇ ಘಾತ.

ಸ್ಟಿಚ್ ಹಾಕುವುದಕ್ಕೆ ಡಾಕ್ಟರು ಸೂಚರ್ ಅನ್ನುತ್ತಾರೆ. ಲ್ಯಾಟಿನ್ನಿನ 'ಸುವೆರೆ', ಹೊಲಿ. ಭಾಷಾಶಾಸ್ತ್ರದ ಪ್ರಕಾರ ಇದೂ ಸಂಸ್ಕೃತದ ಸೂತ್ರವೂ ಒಂದೇ ಮೂಲದ ಅಣ್ಣತಮ್ಮಂದಿರು. ಕನ್ನಡದ ಹೊಲಿಗೆಯ ಮೂಲ ಬೇರೆ, ಅರ್ಥ ಮಾತ್ರ ಅದೇ.

ಟ್ರಾಮಾ ಎಂಬ ದೊಡ್ಡ ಶಬ್ದ

ಗ್ರೀಕಿನಲ್ಲಿ ಟ್ರಾಮಾ ಅಂದರೆ ಬರೀ ಗಾಯ, ಮೈಗಾದ ಗಾಯ. ಬೆಂಗಳೂರಿನಲ್ಲಿ ಟ್ರಾಮಾ ಸೆಂಟರ್ ಅನ್ನುವಾಗ ಈ ಹಳೇ ಅರ್ಥವೇ ಇದೆ. ಆದರೆ ಈಗ ಮನಸ್ಸಿನ ಗಾಯಕ್ಕೂ ಈ ಶಬ್ದ ಬಳಸುತ್ತಾರೆ. ಆ ಬದಲಾವಣೆಯಲ್ಲಿ ಕೂಲಿಕಾರರ ಪಾಲು ದೊಡ್ಡದು.

1884ರಲ್ಲಿ ಜರ್ಮನಿಯಲ್ಲಿ ಕೆಲಸದ ಅಪಘಾತಕ್ಕೆ ವಿಮೆಯ ಕಾನೂನು ಬಂತು. ಮೂಳೆ ಮುರಿದರೆ ಪರಿಹಾರ ಕೊಡಬಹುದು, ಆದರೆ ರೈಲು ಡಿಕ್ಕಿಯಲ್ಲಿ, ಕಾರ್ಖಾನೆಯ ಅಪಘಾತದಲ್ಲಿ ಬದುಕಿ ಉಳಿದು, ಆಮೇಲೆ ಕೈ ನಡುಗುವವನಿಗೆ, ನಿದ್ದೆ ಬಾರದವನಿಗೆ ಏನು ಕೊಡುವುದು? ಬರ್ಲಿನ್ನಿನ ವೈದ್ಯ ಹರ್ಮನ್ ಓಪನ್‌ಹೈಮ್ ಅಂಥ ಕೆಲಸಗಾರರನ್ನು ಪರೀಕ್ಷಿಸಿ 1889ರಲ್ಲಿ ಪುಸ್ತಕ ಬರೆದು, ಈ ಸ್ಥಿತಿಗೆ ಟ್ರಾಮಾ ಶಬ್ದವನ್ನೇ ಸೇರಿಸಿ ಹೆಸರಿಟ್ಟರು. ಇದು ನಿಜವಾದ ಕಾಯಿಲೆ, ಅಪಘಾತದಿಂದಲೇ ಬಂದದ್ದು ಅಂದರು. ಎದುರಾಳಿಗಳು ಬಿಡಲಿಲ್ಲ. ಇದು ಪೆನ್ಷನ್ ಆಸೆಯ ಕಾಯಿಲೆ, ಕೆಲಸಗಾರ ನಾಟಕ ಆಡುತ್ತಾನೆ ಅಂದರು. ಕೇಳಿದ ಹಾಗೆ ಉಂಟಲ್ಲಾ ಈ ಮಾತು? ಗಾಯಕ್ಕೆ ಯಾವ ಹೆಸರು ಎಂಬ ಜಗಳ ಬರೀ ಶಬ್ದದ ಜಗಳ ಅಲ್ಲ, ಯಾರು ಹಣ ಕೊಡಬೇಕು ಎಂಬ ಜಗಳವೂ ಹೌದು.

ಫಾರಂ ಮೇಲಿನ ಸಹಿ

ಕೆಲವು ವರ್ಷದ ಹಿಂದೆ ನಾನಿದ್ದ ಕ್ಯಾಂಪಿನಲ್ಲೇ ಇದನ್ನು ಕಂಡೆ. ಬೇರೊಂದು ಸಬ್ ಕಾಂಟ್ರ್ಯಾಕ್ಟಿನ ಸ್ಕ್ಯಾಫೋಲ್ಡಿಂಗ್ ಹುಡುಗ, ಕೊಪ್ಪಳದ ಕಡೆಯವನು. ಪೈಪಿನ ಕ್ಲ್ಯಾಂಪಿಗೆ ಸಿಕ್ಕಿ ಹೆಬ್ಬೆರಳ ತುದಿಯ ಮಾಂಸ ಉಗುರಿನ ಜೊತೆ ಕಿತ್ತು ಬಂದಿತ್ತು. ಅವರ ಕಡೆಯ ಆಫೀಸಿನವರು ಬರೆದ ಫಾರಂನಲ್ಲಿ ಇದ್ದದ್ದು ಮೈನರ್ ಅಬ್ರೇಶನ್, ರಜೆ ಎರಡು ದಿನ. ಅವನು ಸಹಿಯನ್ನೂ ಹಾಕಿದ್ದ. ಆಸ್ಪತ್ರೆಯವರು ಕೊಟ್ಟ ಚೀಟಿ ಮಾತ್ರ ಅವನ ಪರ್ಸಿನಲ್ಲೇ ಇತ್ತು. ಅದರಲ್ಲಿ ಇದ್ದದ್ದು ಅವಲ್ಶನ್. "ತಮ್ಮಾ, ಇಲ್ಲಿ ತರಚಿದೆ ಅಂತ ಬರ್ದಿದ್ದಾರೆ, ಇಲ್ಲಿ ಕಿತ್ತು ಬಂದಿದೆ ಅಂತ ಬರ್ದಿದ್ದಾರೆ" ಅಂದೆ. ಅವನು ಬ್ಯಾಂಡೇಜ್ ಸುತ್ತಿದ ಬೆರಳನ್ನೇ ನೋಡಿ "ತರಚಿದ್ರ ಉಗುರು ಎಲ್ಲಿ ಹೋತ್ರೀ ಅಣ್ಣಾ?" ಅಂದ. ಆ ಎರಡು ಕಾಗದ ಪಕ್ಕಪಕ್ಕ ಇಟ್ಟು, ಅದೇ ಪ್ರಶ್ನೆಯನ್ನು ಅವನೇ ಹಿಂದಿಯಲ್ಲಿ ಸೇಫ್ಟಿ ಆಫೀಸರಿಗೆ ಕೇಳಿದ. ಫಾರಂ ಬದಲಾಯಿತು, ಡಾಕ್ಟರು ಬರೆದಷ್ಟು ದಿನ ರಜೆಯೂ ಸಿಕ್ಕಿತು.

ಅವನು ಗ್ರೀಕ್ ಕಲಿಯಲಿಲ್ಲ, ಲ್ಯಾಟಿನ್ ಕಲಿಯಲಿಲ್ಲ. ಎರಡು ಶಬ್ದದ ಒಳಗಿನ ಎರಡು ಕ್ರಿಯೆ ತಿಳಿದುಕೊಂಡ, ಅಷ್ಟೇ. ತರಚು, ಕೀಳು.

ಹಾಗಾಗಿ ಬಂಧುಗಳೇ, ಪೆಟ್ಟಾದಾಗ ಮೊದಲು ಮದ್ದು, ಟೆಟನಸ್ ಸೂಜಿ. ಆಮೇಲೆ ಕಾಗದ. ಸಹಿ ಹಾಕುವ ಮೊದಲು ಬರೆದವರನ್ನು ಕೇಳಿ: ಇದು ತರಚಿದ್ದಾ, ಹರಿದದ್ದಾ, ಕೊಯ್ದದ್ದಾ, ಜಜ್ಜಿದ್ದಾ, ಚುಚ್ಚಿದ್ದಾ, ಮುರಿದದ್ದಾ, ಕಿತ್ತು ಬಂದದ್ದಾ? ಉತ್ತರ ನಿಮ್ಮ ಮೈಗೆ ಹೊಂದಬೇಕು. ಆಸ್ಪತ್ರೆಯ ಚೀಟಿಯ ಒಂದು ಫೋಟೋ ಮೊಬೈಲಿನಲ್ಲಿ ಇರಲಿ. ಬೇಕಾದರೆ ಈ ಏಳು ಕ್ರಿಯೆಗಳಿರುವ ಪುಟವನ್ನು ಹರಿದು ಕ್ಯಾಂಪಿನ ಗೋಡೆಗೆ ಅಂಟಿಸಿ, ಸಂಘದವರು ಬೇಜಾರು ಮಾಡಲಿಕ್ಕಿಲ್ಲ.

ಎಲ್ಲರ ಕೈಕಾಲು ಕ್ಷೇಮವಾಗಿರಲಿ.